ಸಂಡೂರಿನಲ್ಲಿ ಹಕ್ಕಿ ನೋಡಲು ಒಂದೇ ಮುಂಜಾನೆ ಇದ್ದರೆ: ಹಿತ್ತಲೋ, ಕೆರೆಯೋ, ಬಂಡೆಗುಡ್ಡವೋ, ಕಾಡೋ?

ಬಳ್ಳಾರಿ ಅಂದರೆ ಬಿಸಿಲು, ಬಂಡೆ, ಬಳ್ಳಾರಿ ಜಾಲಿ ಎಂದಷ್ಟೇ ಗೊತ್ತಿದ್ದವರು ಸಂಡೂರಿನ ಕಣಿವೆಗೆ ಇಳಿದ ಮೊದಲ ದಿನ ಗೊಂದಲಕ್ಕೆ ಬೀಳುತ್ತಾರೆ. ಎರಡೂ ಬದಿಗೆ ಗೋಡೆಯಂತೆ ಗುಡ್ಡದ ಸಾಲು, ನಡುವೆ ಊರು, ಹೊಲ, ಕ್ವಾರ್ಟರ್ಸು. ಆ ಸಾಲುಗಳನ್ನು ಅಡ್ಡಡ್ಡ ಸೀಳಿಕೊಂಡು ಹರಿಯುವ ನಾರಿಹಳ್ಳ ಪಶ್ಚಿಮಕ್ಕೆ ಓಬಳಗಂಡಿ, ಪೂರ್ವಕ್ಕೆ ಭೀಮಗಂಡಿ ಎಂಬ ಎರಡು ಕಿರುಗಂಡಿಗಳನ್ನು ಕೊರೆದಿದೆ. ಕಣಿವೆಯ ತಳ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದ್ದರೆ ರಾಮಗಡದ ನೆತ್ತಿ ಸಾವಿರ ಮೀಟರಿಗೆ ಹತ್ತಿರ. ಗುಡ್ಡಗಳು ಮೋಡವನ್ನು ತಡೆಯುವುದರಿಂದ ಬಳ್ಳಾರಿ ಬಯಲಿಗಿಂತ ಇಲ್ಲಿ ಮಳೆ ಹೆಚ್ಚು. ಹಾಗಾಗಿ ಬಯಲುಸೀಮೆಯ ಹಕ್ಕಿಯೂ ಕಾಡಿನ ಹಕ್ಕಿಯೂ ಒಂದೇ ತಾಲೂಕಿನಲ್ಲಿ, ಒಂದೇ ಮುಂಜಾನೆಯ ದೂರದಲ್ಲಿ ಸಿಗುತ್ತವೆ.

ತೊಡಕೂ ಇಲ್ಲೇ ಇದೆ. ಎಲ್ಲವೂ ಹತ್ತಿರ ಇದೆಯಲ್ಲ ಎಂದು ಆರೂವರೆಗೆ ಜಲಾಶಯ, ಏಳೂವರೆಗೆ ಕುಮಾರಸ್ವಾಮಿ ಬೆಟ್ಟ, ಎಂಟೂವರೆಗೆ ಬಂಡೆಗುಡ್ಡ ಎಂದು ಯೋಜನೆ ಹಾಕಿಕೊಂಡವರು ಹಕ್ಕಿಗಿಂತ ಹೆಚ್ಚು ಹೊತ್ತು ಮುಂದಿನ ಅದಿರಿನ ಲಾರಿಯ ಹಿಂಭಾಗವನ್ನೇ ನೋಡಿರುತ್ತಾರೆ. ಹಕ್ಕಿಗಳು ಚುರುಕಾಗಿ ಓಡಾಡುವುದು ಸೂರ್ಯ ಹುಟ್ಟಿದ ಮೇಲಿನ ಎರಡು, ಎರಡೂವರೆ ಗಂಟೆ. ಜನವರಿಯಲ್ಲಿ ಇಲ್ಲಿ ಸೂರ್ಯೋದಯ ಸುಮಾರು 6.50ಕ್ಕೆ, ಜೂನಿನಲ್ಲಿ 5.55ರ ಆಸುಪಾಸು. ಅಂದರೆ ಚಳಿಗಾಲದಲ್ಲಿ ಒಂಬತ್ತೂಕಾಲು, ಮಳೆಗಾಲದ ಮೊದಲಲ್ಲಿ ಎಂಟೂವರೆ ಹೊತ್ತಿಗೆ ಒಳ್ಳೆಯ ಸಮಯ ಮುಗಿಯುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಅರ್ಧ ಗಂಟೆ. ಗಾಡಿ ನಿಲ್ಲಿಸಿ ಬಾಗಿಲು ಹಾಕಿದ ಸದ್ದಿಗೆ ಅಡಗಿದ ಹಕ್ಕಿ ಮತ್ತೆ ಹೊರಬರುವುದಕ್ಕೆ ಹತ್ತು ನಿಮಿಷ. ಎರಡು ಸಲ ಜಾಗ ಬದಲಿಸಿದರೆ ಮುಂಜಾನೆಯ ಅರ್ಧಕ್ಕಿಂತ ಹೆಚ್ಚು ಹೋಯಿತು. ಒಂದೇ ಜಾಗ ಆರಿಸಿ, ಅಲ್ಲೇ ಇರಿ.

ಯಾವ ಜಾಗ ಎನ್ನುವುದು ತಿಂಗಳು, ಜೊತೆಗಿರುವವರು, ಕೈಯಲ್ಲಿರುವ ದುರ್ಬೀನು ಈ ಮೂರರ ಮೇಲೆ ನಿಂತಿದೆ. ಹೆಸರುವಾಸಿಯಾದ ಜಾಗ ಎಂಬ ಕಾರಣಕ್ಕೆ ಹೋದವರು ಏಪ್ರಿಲ್‌ನಲ್ಲಿ ಜಲಾಶಯದ ದಂಡೆಯ ಮೇಲೆ ಬಿಸಿಲು ಕಾಯಿಸಿಕೊಂಡು ಬರುತ್ತಾರೆ.

ಹಿತ್ತಲು ಮತ್ತು ಕ್ವಾರ್ಟರ್ಸಿನ ಬೀದಿ

ಹೊಸಬರಿಗೆ, ಮಕ್ಕಳಿದ್ದವರಿಗೆ, ಮಂಡಿನೋವಿನ ಹಿರಿಯರಿಗೆ ಮೊದಲ ಆಯ್ಕೆ ಇದೇ. ದೋಣಿಮಲೈ ಟೌನ್‌ಶಿಪ್ಪಿನಂಥ ಗುಡ್ಡದ ವಸತಿಗಳಲ್ಲಿ, ಸಂಡೂರಿನ ಹಳೇ ಬೀದಿಗಳಲ್ಲಿ ಮಳೆಮರ, ಹೊಂಗೆ, ಬೇವು, ಗುಲ್‌ಮೊಹರ್, ಆಲ, ಅತ್ತಿ ದೊಡ್ಡದಾಗಿ ಬೆಳೆದಿವೆ. ಹಿತ್ತಲಲ್ಲಿ ಪೇರಲ, ನುಗ್ಗೆ, ದಾಸವಾಳ ಇರುತ್ತವೆ. ಇಲ್ಲಿನ ಹಕ್ಕಿಗೆ ಜನರ ಓಡಾಟ ರೂಢಿಯಾಗಿದೆ. ಕಾಡಿನಲ್ಲಿ ಇಪ್ಪತ್ತೈದು ಮೀಟರಿಗೇ ಹಾರಿಹೋಗುವ ಮಡಿವಾಳ ಇಲ್ಲಿ ಐದು ಮೀಟರಿನಲ್ಲಿ ಕಾಂಪೌಂಡಿನ ಮೇಲೆ ಕೂತು ಹಾಡುತ್ತದೆ. ಗಂಡಿನ ಕಪ್ಪು ಎಷ್ಟು ಕಡು, ಹೆಣ್ಣಿನದು ಎಷ್ಟು ಬೂದು ಎಂಬುದನ್ನು ಕಣ್ಣಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮಾಡಬೇಕಾದ್ದು ಇಷ್ಟು. ಬೀದಿಯುದ್ದಕ್ಕೂ ನಡೆಯುವ ಬದಲು ಹಣ್ಣು ಬಿಟ್ಟ ಒಂದು ಆಲವನ್ನೋ ಅತ್ತಿಯನ್ನೋ ಹುಡುಕಿ, ಅದರಿಂದ ಹದಿನೈದು ಇಪ್ಪತ್ತು ಮೀಟರ್ ದೂರ, ಸೂರ್ಯನಿಗೆ ಬೆನ್ನು ಹಾಕಿ ಮುಕ್ಕಾಲು ಗಂಟೆ ನಿಲ್ಲಿ. ಚೆಂಬುಕುಟಿಗ, ಕೋಗಿಲೆ, ಪಿಕಳಾರ, ಗೊರವಂಕ, ಗಿಳಿ ಸರದಿಯಂತೆ ಬರುತ್ತವೆ. ಅದೃಷ್ಟವಿದ್ದರೆ ಹಸಿರು ಪಾರಿವಾಳದ ಗುಂಪೂ ಬರುತ್ತದೆ. ಎಲೆಯ ನಡುವೆ ಅಲ್ಲಾಡದೆ ಕೂತರೆ ಅದು ಕಾಣುವುದೇ ಇಲ್ಲ, ಉದುರುವ ಹಣ್ಣಿನ ಸದ್ದು ಕೇಳಿ ಮೇಲೆ ನೋಡಬೇಕು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಬೇಲಿಯ ಪೊದೆಯೊಳಗಿಂದ ನಾಲಿಗೆ ತಾಡಿಸಿದಂತೆ ‘ಟಕ್, ಟಕ್’ ಎಂಬ ಸದ್ದು ಬಂದರೆ ಅದು ದೂರದ ಉತ್ತರದಿಂದ ಬಂದ ಪುಟ್ಟ ಕಂದು ಉಲಿಯಕ್ಕಿ. ನೋಡಲು ತಾಳ್ಮೆ ಬೇಕು, ಸದ್ದಿನಿಂದ ಗುರುತಿಸುವುದು ಸುಲಭ. ಗೋಡೆಯ ಮೇಲೆ ಕೂತು ಇಟ್ಟಿಗೆ ಬಣ್ಣದ ಬಾಲವನ್ನು ನಡುಗಿಸುವ ಕಪ್ಪು ಎದೆಯ ಪುಟ್ಟ ಹಕ್ಕಿಯೂ ಚಳಿಗಾಲದ ಅತಿಥಿಯೇ. ನವೆಂಬರಿನಿಂದ ಫೆಬ್ರವರಿಯ ಯಾವುದೇ ಮುಂಜಾನೆ ಇಲ್ಲಿ ಇಪ್ಪತ್ತೈದು ಜಾತಿ ದಾಟುವುದು ಕಷ್ಟವಲ್ಲ.

ಕೊರತೆಯೂ ಇದೆ. ಅಪರೂಪದ್ದು ಸಿಗುವುದು ಕಡಿಮೆ, ಹಾಲಿನ ಗಾಡಿ, ಶಾಲೆ ಬಸ್ಸು ಶುರುವಾದ ಮೇಲೆ ಹಕ್ಕಿಯ ದನಿ ಕೇಳುವುದಿಲ್ಲ. ಇನ್ನೊಂದು ಮಾತು: ಯಾರದೋ ಮನೆಯ ಕಿಟಕಿಯ ಕಡೆಗೆ ದುರ್ಬೀನು ಹಿಡಿದು ನಿಲ್ಲುವುದು ಸರಿಯಲ್ಲ. ಮುಂಚೆಯೇ ಒಂದು ಮಾತು ಹೇಳಿಬಿಟ್ಟರೆ ಆ ಮನೆಯ ಅಜ್ಜಿಯೇ ‘ನಮ್ಮ ನುಗ್ಗೆ ಗಿಡಕ್ಕ ಒಂದ ಹಳದಿ ಹಕ್ಕಿ ಬರ್ತೈತಿ ನೋಡ್ರಿ’ ಎಂದು ತೋರಿಸುತ್ತಾರೆ. ಅದು ಹೊನ್ನಕ್ಕಿಯೇ ಆಗಿರುವ ಸಾಧ್ಯತೆ ಹೆಚ್ಚು.

ಬೇಸಿಗೆಯಲ್ಲಂತೂ ಹಿತ್ತಲೇ ಗೆಲ್ಲುತ್ತದೆ. ಮಾರ್ಚ್‌ನಿಂದ ಮೇವರೆಗೆ ನೆರಳಿನಲ್ಲಿ ಒಂದು ಮಣ್ಣಿನ ಅಗಲ ತಟ್ಟೆ ಇಟ್ಟು, ನಾಲ್ಕು ಸೆಂಟಿಮೀಟರ್ ಮೀರದಂತೆ ನೀರು ಹಾಕಿ, ನಡುವೆ ಒರಟು ಕಲ್ಲೊಂದನ್ನು ಇಡಿ. ಆಳ ಹೆಚ್ಚಾದರೆ ಸಣ್ಣ ಹಕ್ಕಿ ಇಳಿಯುವುದಿಲ್ಲ. ನುಣುಪಾದ ಸ್ಟೀಲ್ ಬೋಗುಣಿ ಬೇಡ, ಕಾಲು ಜಾರುತ್ತದೆ, ಬಿಸಿಲಿಗೆ ನೀರೂ ಕಾಯುತ್ತದೆ. ಪೊದೆಯಿಂದ ಎರಡು ಮೀಟರ್ ದೂರ ಇರಲಿ: ತೀರಾ ಹತ್ತಿರವಾದರೆ ಬೆಕ್ಕು ಹೊಂಚುಹಾಕುತ್ತದೆ, ತೀರಾ ದೂರವಾದರೆ ಬಿಜ್ಜು (ಶಿಕ್ರಾ ಎಂಬ ಬೇಟೆಹಕ್ಕಿ) ಬಂದಾಗ ಅಡಗಲು ಜಾಗವಿರುವುದಿಲ್ಲ. ದಿನಾ ನೀರು ಚೆಲ್ಲಿ ತೆಂಗಿನ ನಾರಿನಿಂದ ಉಜ್ಜಿ ಹೊಸ ನೀರು ತುಂಬಬೇಕು. ಎರಡು ದಿನ ಬಿಟ್ಟರೆ ಪಾಚಿ, ನಾಲ್ಕೈದು ದಿನ ಬಿಟ್ಟರೆ ಸೊಳ್ಳೆಮರಿ.

ನಾರಿಹಳ್ಳ ಜಲಾಶಯ

ತಾರಾನಗರದ ಬಳಿಯ ಈ ನೀರು ಕುಳಿತು ನೋಡುವವರಿಗೆ ಹೇಳಿ ಮಾಡಿಸಿದ್ದು. ಹಕ್ಕಿ ದೊಡ್ಡದು, ಬಯಲಲ್ಲಿ ಕೂತಿರುತ್ತದೆ, ಹತ್ತು ನಿಮಿಷ ನೋಡಿದರೂ ಜಾಗ ಬಿಡುವುದಿಲ್ಲ. ಪುಸ್ತಕ ತೆರೆದು ಹೋಲಿಸಿ ನೋಡುವಷ್ಟು ಪುರುಸೊತ್ತು ಬೇರೆಲ್ಲೂ ಸಿಗುವುದಿಲ್ಲ.

ಇಲ್ಲಿ ಜನ ಎಡವುವುದು ನೀರಿನ ಮಟ್ಟದ ವಿಷಯದಲ್ಲಿ. ಅಕ್ಟೋಬರ್‌-ನವೆಂಬರಿನಲ್ಲಿ ಜಲಾಶಯ ತುಂಬಿ ನೋಡಲು ಚಂದ, ಆದರೆ ದಂಡೆಯವರೆಗೂ ನೀರಿದ್ದರೆ ಕೆಸರೇ ಇರುವುದಿಲ್ಲ. ಕೆಸರಿಲ್ಲದಿದ್ದರೆ ಕಾಲುದ್ದದ ಗದ್ದೆಗೊರವ, ಮೆಟ್ಟುಗಾಲು ಹಕ್ಕಿ, ಪುಟ್ಟ ಉಲ್ಲಂಕಿಗಳಿಗೆ ಕೊಕ್ಕು ಚುಚ್ಚಲು ಜಾಗವಿಲ್ಲ. ಆಗ ಸಿಗುವುದು ತೇಲುವ, ಮುಳುಗುವ ಹಕ್ಕಿ: ನೀರುಕಾಗೆ, ಗುಳುಮುಳುಕ, ಚುಕ್ಕೆಕೊಕ್ಕಿನ ಬಾತು. ಜನವರಿಯಿಂದ ಮಾರ್ಚ್‌ವರೆಗೆ ನೀರು ಹಿಂದೆ ಸರಿದು ಕೆಸರಿನ ಅಂಚು ಬಿಡುತ್ತದೆ. ಬಣ್ಣದ ಕೊಕ್ಕರೆ, ಬೆಳ್ಳಕ್ಕಿ, ರೀವ, ಕುಂಡೆಕುಸ್ಕ, ಉಲ್ಲಂಕಿ ಎಲ್ಲ ಆ ಅಂಚಿಗೇ ಸೇರುತ್ತವೆ. ಆದ್ದರಿಂದ ಬಾತು ಬೇಕೆಂದರೆ ಡಿಸೆಂಬರ್, ಕೆಸರಿನ ಹಕ್ಕಿ ಬೇಕೆಂದರೆ ಫೆಬ್ರವರಿ. ಒಂದೇ ಸಲ ಹೋಗುವುದಿದ್ದರೆ ಜನವರಿ ಕೊನೆಯ ವಾರ, ಎರಡೂ ಸ್ವಲ್ಪ ಸ್ವಲ್ಪ ಸಿಗುತ್ತವೆ.

ಬೆಳಿಗ್ಗೆಯಾದರೆ ನೀರಿನ ಪೂರ್ವದ ಬದಿಯಲ್ಲಿ ನಿಂತು ಪಶ್ಚಿಮಕ್ಕೆ ನೋಡಬೇಕು, ಸಂಜೆಯಾದರೆ ಅದರ ತಿರುಗುಮುರುಗು. ಎದುರು ಬಿಸಿಲಿನಲ್ಲಿ ಎಲ್ಲ ಬಾತೂ ಕಪ್ಪು ಮುದ್ದೆಯೇ. ಎಣಿಸುವಾಗ ಒಂದೊಂದಾಗಿ ಎಣಿಸಲು ಹೋಗಬೇಡಿ. ಹತ್ತು ಹಕ್ಕಿ ಎಣಿಸಿ, ಆ ಹತ್ತು ದುರ್ಬೀನಿನಲ್ಲಿ ಎಷ್ಟು ಅಗಲ ಹಿಡಿಯುತ್ತದೆ ಎಂದು ಕಣ್ಣಲ್ಲಿ ಅಳತೆ ಇಟ್ಟುಕೊಂಡು, ಅದೇ ಅಳತೆಯನ್ನು ಗುಂಪಿನುದ್ದಕ್ಕೂ ಸರಿಸುತ್ತಾ ಹೋಗಿ. ಇನ್ನೂರು ಬಾತಿನ ಗುಂಪು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಒಂಬತ್ತೂವರೆ ದಾಟಿದ ಮೇಲೆ ನೀರಿನ ಮೇಲಿನ ಗಾಳಿ ಕಾದು ನಡುಗಲು ಶುರುವಾಗುತ್ತದೆ. ಎಷ್ಟೇ ದುಬಾರಿ ಸ್ಪಾಟಿಂಗ್ ಸ್ಕೋಪ್ (ಒಂಟಿಕಣ್ಣಿನ ದೂರದರ್ಶಕ) ಇದ್ದರೂ ಆಗ ನಲವತ್ತು ಪಟ್ಟು ದೊಡ್ಡದಾಗಿ ಕಾಣುವುದು ಆ ನಡುಕ ಮಾತ್ರ.

ಒಡ್ಡಿನ ಮೇಲೆ ಓಡಾಡಲು ಬಿಡದಿದ್ದರೆ ಕಾವಲಿನವರ ಜೊತೆ ವಾದ ಬೇಡ, ಹಿನ್ನೀರಿನ ಕಡೆಗೆ ಹೋಗಿ. ಹಕ್ಕಿ ಹೆಚ್ಚು ಇರುವುದೂ ಅಲ್ಲೇ. ಕೆಸರಿನ ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ಮೊಣಕಾಲಿನವರೆಗೆ ಹೂಳು ಇರಬಹುದು. ದನದ ಹೆಜ್ಜೆ ಇಲ್ಲದ ಕಡೆ ಕಾಲಿಡಬೇಡಿ.

ಬಂಡೆಗುಡ್ಡ ಮತ್ತು ಕುರುಚಲು

ಬೆಂಗಳೂರಿನವರು ರಾತ್ರಿ ರೈಲು ಹತ್ತಿ ಈ ಸೀಮೆಗೆ ಬರುವುದು ಇದಕ್ಕಾಗಿ. ಕೆರೆಯ ಹಕ್ಕಿ ಎಲ್ಲ ಕಡೆ ಸಿಗುತ್ತದೆ, ಕಾಡಿನ ಹಕ್ಕಿಗೆ ಪಶ್ಚಿಮಘಟ್ಟ ಇದೆ. ಬಂಡೆಗುಡ್ಡದ ಹಕ್ಕಿ ಮಾತ್ರ ನಮ್ಮ ನೆಲದ್ದು. ಕಣಿವೆಯ ಗಂಡಿಗಳ ಕಡಿದಾದ ಬದಿಗಳು, ಪೂರ್ವ-ಉತ್ತರಕ್ಕೆ ತೋರಣಗಲ್ಲು, ದರೋಜಿ ಕಡೆಗೆ ಹರಡಿದ ಬೂದುಬಣ್ಣದ ಗ್ರಾನೈಟ್ ಗುಡ್ಡಗಳು, ಅವುಗಳ ಬುಡದ ಕವಳೆ, ಬಾರೆ, ಲಂಟಾನದ ಕುರುಚಲು ಎಲ್ಲ ಸೇರಿ ಒಂದು ನೆಲೆ.

ಇಲ್ಲಿನ ಮುಖ್ಯ ಹಕ್ಕಿ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯದಂಚಿನ ಸಾಲಿನಲ್ಲಿದೆ. ಕಲ್ಲುಗಣಿ, ಬೆಂಕಿ, ಗುಡ್ಡದ ಬುಡದ ಒತ್ತುವರಿ ಇವೇ ಅದಕ್ಕೆ ಕುತ್ತು. ಗೊರವಂಕಕ್ಕಿಂತ ಸ್ವಲ್ಪ ಚಿಕ್ಕದು, ಸುಮಾರು 20 ಸೆಂಟಿಮೀಟರ್. ತಲೆಯ ಮೇಲೆ ಜುಟ್ಟಿಲ್ಲ. ತಲೆ ಮತ್ತು ಕೊರಳು ಹಳದಿ, ಬೆನ್ನು ಬೂದು-ಹಸಿರು, ಬಾಲದ ಬುಡದಡಿಯೂ ಹಳದಿ. ಅದೇ ಪೊದೆಯಲ್ಲಿ ಬಿಳಿಹುಬ್ಬಿನ ಪಿಕಳಾರವೂ ಇರುವುದರಿಂದ ತಪ್ಪುವುದು ಇಲ್ಲಿಯೇ. ಅದರ ಬಾಲದ ಬುಡವೂ ಮಾಸಲು ಹಳದಿ, ಅರೆಬೆಳಕಿನಲ್ಲಿ ಎರಡೂ ಒಂದೇ ಥರ. ಮುಖ ನೋಡಿ: ಕಣ್ಣಿನ ಮೇಲೆ ಬಿಳಿ ಗೆರೆ, ಕೊರಳು ಬಿಳಿಚಾಗಿದ್ದರೆ ಬಿಳಿಹುಬ್ಬು. ಮುಖವೆಲ್ಲ ಅರಿಶಿನ ಹಚ್ಚಿದಂತಿದ್ದರೆ ನಿಮಗೆ ಬೇಕಾದದ್ದು ಸಿಕ್ಕಿದೆ. ಸ್ವಭಾವವೂ ಬೇರೆ. ಬಿಳಿಹುಬ್ಬು ಪೊದೆಯೊಳಗೇ ಕೂತು ಗಡಗಡ ಮಾತಾಡಿ ಸುಮ್ಮನಾಗುತ್ತದೆ. ಹಳದಿ ಕೊರಳಿನದು ಪೊದೆಯಿಂದ ಬಂಡೆಯ ಸಂದಿಯಲ್ಲಿ ಬೆಳೆದ ಗಿಡಕ್ಕೆ, ಅಲ್ಲಿಂದ ಮೇಲಿನ ಬಂಡೆಗೆ ಹಾರುತ್ತ ಇಳಿಜಾರನ್ನೇ ಹತ್ತಿಕೊಂಡು ಹೋಗುತ್ತದೆ.

ಅದಕ್ಕೇ ಇಲ್ಲಿ ಗುಡ್ಡ ಹತ್ತಬಾರದು, ಗುಡ್ಡಕ್ಕೆ ಎದುರಾಗಿ ನಿಲ್ಲಬೇಕು. ಬುಡದಿಂದ ಐವತ್ತು ಅರವತ್ತು ಮೀಟರ್ ದೂರ, ಪೂರ್ವಕ್ಕೆ ಮುಖಮಾಡಿದ ಇಳಿಜಾರು ಆರಿಸಿ. ಮೊದಲ ಬಿಸಿಲು ಅದಕ್ಕೇ ಬೀಳುವುದರಿಂದ ಚಳಿಯಲ್ಲಿ ಹಕ್ಕಿಗಳು ಮೈ ಕಾಯಿಸಲು ಅಲ್ಲಿಗೆ ಬರುತ್ತವೆ. ಬರಿಗಣ್ಣಿನಲ್ಲಿ ಇಡೀ ಇಳಿಜಾರನ್ನು ನೋಡುತ್ತಿರಿ, ಏನಾದರೂ ಅಲ್ಲಾಡಿದರೆ ಆಗ ಮಾತ್ರ ದುರ್ಬೀನು ಎತ್ತಿ. ಬಂಡೆಯಂಚಿನ ಬಿಳಿ ಹಿಕ್ಕೆಯ ಗೆರೆಗಳನ್ನು ಗಮನಿಸಿ. ಕಿರಿದಾದ ಅಂಚಿನ ಕೆಳಗೆ ದಪ್ಪ ಬಿಳಿ ಸೋರಿಕೆ ಇದ್ದರೆ ಅದು ಕೊಂಬಿನ ಗೂಬೆಯದೋ ಗಿಡುಗದ್ದೋ ಕೂರುವ ಜಾಗ. ಗೂಬೆ ಹಗಲೆಲ್ಲ ಅಲ್ಲೇ ಬಂಡೆಯ ಬಣ್ಣದಲ್ಲಿ ಕರಗಿ ಕೂತಿರುತ್ತದೆ, ಕಿತ್ತಳೆ ಕಣ್ಣು ತೆರೆದಾಗ ಮಾತ್ರ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಎತ್ತರದ ಬಂಡೆಯ ತುದಿಗೆ ನೆಟ್ಟಗೆ ಕೂತ ಮಾಸಲು ನೀಲಿ ಹಕ್ಕಿ ಕಂಡರೆ ನೀಲಿ ಕಲ್ಲುಸಿಳ್ಳಾರ. ಬುಡದಲ್ಲಿ ಚಿಟ್ಟುಕೋಳಿ, ಗೌಜಲು, ಲಾವಕ್ಕಿ ಕೆದಕುತ್ತಿರುತ್ತವೆ. ಬಣ್ಣದ ಚಿಟ್ಟುಕೋಳಿಯ ಗಂಡು ಮೈಯೆಲ್ಲ ಬಿಳಿ ಚುಕ್ಕೆಯ ಹಕ್ಕಿ, ಅದು ಹಾರುವುದಕ್ಕಿಂತ ಓಡಿ ಬಂಡೆಯ ಸಂದಿಗೆ ನುಗ್ಗುವುದೇ ಹೆಚ್ಚು. ಆದ್ದರಿಂದ ಸದ್ದಾದರೆ ಮೇಲೆ ನೋಡದೆ ನೆಲ ನೋಡಿ.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಚಾಳಿ ಈ ಗುಡ್ಡಗಳಲ್ಲಿ ಹೆಚ್ಚುತ್ತಿದೆ. ದಯವಿಟ್ಟು ಬೇಡ. ಪಿಕಳಾರದ ಜೋಡಿ ಅದನ್ನು ಬೇರೆ ಜೋಡಿ ತನ್ನ ಜಾಗಕ್ಕೆ ನುಗ್ಗಿದೆ ಎಂದೇ ತಿಳಿಯುತ್ತದೆ. ಗೂಡು, ಮರಿ ಬಿಟ್ಟು ಜಗಳಕ್ಕೆ ಬರುತ್ತದೆ. ಶನಿವಾರ, ಭಾನುವಾರ ಐದು ಗುಂಪು ಬಂದು ಐದೈದು ಸಲ ಹಾಕಿದರೆ ಆ ಹಕ್ಕಿ ಮರಿಗೆ ಉಣಿಸುವುದು ಯಾವಾಗ? ಅರ್ಧ ಗಂಟೆ ಸುಮ್ಮನೆ ನಿಂತರೆ ಕರೆಯದೆಯೂ ಬರುತ್ತದೆ.

ಇನ್ನು ಕರಡಿ. ಬಂಡೆಗುಡ್ಡ ಹಕ್ಕಿಯ ಮನೆಯಾಗುವ ಮೊದಲು ಕರಡಿಯ ಮನೆ. ದರೋಜಿಯಲ್ಲಿ 1994ರಲ್ಲಿ ಕರಡಿಧಾಮವನ್ನೇ ಮಾಡಲಾಗಿದೆ, ಆದರೆ ಕರಡಿಗೆ ಧಾಮದ ಗಡಿ ಗೊತ್ತಿಲ್ಲ. ಅದು ಗುಹೆಯಿಂದ ಹೊರಡುವುದು ಸಂಜೆ, ಮರಳುವುದು ನಸುಕಿನಲ್ಲಿ. ನಾವು ಹಕ್ಕಿ ನೋಡಲು ಹೋಗುವುದೂ ಅದೇ ಹೊತ್ತಿಗೆ. ಅದಕ್ಕೆ ದೂರದ್ದು ಸರಿಯಾಗಿ ಕಾಣುವುದಿಲ್ಲ. ಹತ್ತಿರ ಬಂದಾಗ ಬೆಚ್ಚಿಬಿದ್ದು ಮೈಮೇಲೆ ಬೀಳುತ್ತದೆ. ಆದ್ದರಿಂದ ಬೆಳಕು ಪೂರ್ತಿ ಹರಿಯುವವರೆಗೆ ಬುಡಕ್ಕೆ ಹೋಗಬೇಡಿ, ತಿರುವುಗಳಲ್ಲಿ ಜೋರಾಗಿ ಮಾತಾಡಿ, ಗುಹೆ ಮತ್ತು ದೊಡ್ಡ ಸಂದಿಗಳೊಳಗೆ ಇಣುಕಬೇಡಿ, ಒಬ್ಬರೇ ಹೋಗಬೇಡಿ. ಸೀತಾಫಲ ಹಣ್ಣಾಗುವ ಕಾಲದಲ್ಲಿ, ಬಾರೆ ಹಣ್ಣಿನ ಕಾಲದಲ್ಲಿ ಆ ಗಿಡಗಳ ಸುತ್ತ ಇನ್ನಷ್ಟು ಎಚ್ಚರ. ಹಸಿ ಹಿಕ್ಕೆಯಲ್ಲಿ ಹಣ್ಣಿನ ಬೀಜ ಕಂಡರೆ, ಹೊಸದಾಗಿ ಕೆದಕಿದ ಹುತ್ತ ಕಂಡರೆ ಅಲ್ಲಿಂದಲೇ ಹಿಂದಿರುಗಿ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಈ ಜಾಗ ಬೇಡವೆಂದೇ ನಮ್ಮ ಸಲಹೆ.

ಕಾಲ: ನವೆಂಬರಿನಿಂದ ಫೆಬ್ರವರಿ. ಮಾರ್ಚ್‌ನಿಂದ ಬಂಡೆ ಎಂಟು ಗಂಟೆಗೇ ಕಾಯುತ್ತದೆ, ಹಕ್ಕಿ ನೆರಳು ಸೇರುತ್ತದೆ.

ಗುಡ್ಡದ ಮೇಲಿನ ಕಾಡು

ಕುಮಾರಸ್ವಾಮಿ ಬೆಟ್ಟದ ಸುತ್ತಲಿನ ಸ್ವಾಮಿಮಲೆಯ ಕಾಡು ಎಲೆ ಉದುರುವ ಕಾಡು. ಎಲ್ಲರೂ ಮಳೆಗಾಲದ ಹಸಿರಿಗೆ ಮರುಳಾಗಿ ಆಗಸ್ಟ್‌-ಸೆಪ್ಟೆಂಬರಿನಲ್ಲಿ ಹೋಗುತ್ತಾರೆ. ಕಣ್ಣಿಗೆ ಹಬ್ಬ, ಹಕ್ಕಿಗೆ ಮಾತ್ರ ಅದು ತಪ್ಪು ಕಾಲ. ಎಲೆ ದಟ್ಟ, ಮಂಜು, ಲೆನ್ಸಿನ ಮೇಲೆ ಹನಿ, ದನಿ ಕೇಳುತ್ತದೆ ಮೈ ಕಾಣದು. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿ ಕಾಡು ಬೋಳಾದಾಗ ಮರಕುಟಿಗ, ಕಾಜಾಣ, ರಾಜಹಕ್ಕಿ ಎಲ್ಲ ಬಯಲಲ್ಲಿ ನಿಂತಂತೆ ಕಾಣುತ್ತವೆ. ಆಗಲೇ ಮುತ್ತುಗ, ಬೂರುಗ ಹೂ ಬಿಡುವುದು. ಕೆಂಪಗೆ ಹೂ ತುಂಬಿದ ಒಂದು ಮುತ್ತುಗದ ಮರದ ಕೆಳಗೆ ಒಂದು ಗಂಟೆ ನಿಂತರೆ ಮೈಲುಗಟ್ಟಲೆ ನಡೆದವರಿಗಿಂತ ಹೆಚ್ಚು ಹಕ್ಕಿ ನೋಡಬಹುದು. ಸೂರಕ್ಕಿ, ಎಲೆಹಕ್ಕಿ, ಕಾಜಾಣ, ಗುಲಾಬಿ ಕಬ್ಬಕ್ಕಿ ಎಲ್ಲವೂ ಮಕರಂದಕ್ಕೆ ಬಂದು ಮುಖಕ್ಕೆ ಪರಾಗ ಮೆತ್ತಿಕೊಂಡು ಹೋಗುತ್ತವೆ. (ಹಳದಿ ಹಣೆಯ ಹೊಸ ಹಕ್ಕಿ ಎಂದು ಬರೆದುಕೊಳ್ಳುವ ಮುನ್ನ ಇದನ್ನು ನೆನಪಿಡಿ.)

ಕಾಡಿನಲ್ಲಿ ಅರ್ಧ ಗಂಟೆ ಏನೂ ಇಲ್ಲದೆ, ನಂತರ ಐದು ನಿಮಿಷದಲ್ಲಿ ಹತ್ತು ಜಾತಿ ಒಟ್ಟಿಗೆ ಬರುವುದು ಸಾಮಾನ್ಯ. ಬೇರೆಬೇರೆ ಹಕ್ಕಿಗಳು ಗುಂಪುಗೂಡಿ ಹುಳ ಹುಡುಕುತ್ತಾ ಸಾಗುವ ಮೆರವಣಿಗೆ ಅದು, ಹೆಚ್ಚಾಗಿ ಕಾಜಾಣದ ದನಿ ಮುಂದಿರುತ್ತದೆ. ಅದನ್ನು ಬೆನ್ನಟ್ಟಬೇಡಿ. ಅದು ಹೋಗುತ್ತಿರುವ ದಿಕ್ಕು ನೋಡಿ, ಮೂವತ್ತು ಮೀಟರ್ ಮುಂದೆ ರಸ್ತೆಯಲ್ಲೇ ನಿಂತು ಕಾಯಿರಿ. ಬೂದು ಕಾಡುಕೋಳಿ, ನವಿಲು ನಸುಕಿನಲ್ಲಿ ರಸ್ತೆಯಂಚಿಗೆ ಬರುತ್ತವೆ, ಮೊದಲ ವಾಹನ ಹೋದ ಮೇಲೆ ಮತ್ತೆ ಬರುವುದಿಲ್ಲ. ಬೆಟ್ಟದ ದೇವಸ್ಥಾನಕ್ಕೆ ಭಕ್ತರು ಹೆಚ್ಚು ಬರುವ ದಿನ, ಜಾತ್ರೆಯ ದಿನ ಈ ಆಯ್ಕೆಯನ್ನು ಬಿಟ್ಟುಬಿಡಿ.

ಡಾಂಬರು ರಸ್ತೆ ಬಿಟ್ಟು ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರಡಿ ಅಪರಾಧ. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮುಂಚಿತವಾಗಿ ಅರ್ಜಿ ಕೊಡಿ. ಗಣಿ ಗುತ್ತಿಗೆಯ ಜಾಗದೊಳಗೆ ಹೋಗುವ ಮಾತೇ ಬೇಡ, ಅಲ್ಲಿ ಸ್ಫೋಟದ ಕೆಲಸ ನಡೆಯುತ್ತಿರುತ್ತದೆ.

ಜೋಳದ ಹೊಲದ ಬಗ್ಗೆಯೂ ಒಂದು ಮಾತು. ತೆನೆ ಕಟ್ಟುವ ಕಾಲದಲ್ಲಿ, ಡಿಸೆಂಬರ್‌-ಜನವರಿಯಲ್ಲಿ, ಗುಲಾಬಿ ಕಬ್ಬಕ್ಕಿ ಮೋಡದಂತೆ ಇಳಿಯುವುದನ್ನೂ, ಕಪ್ಪುತಲೆ ಮತ್ತು ಕೆಂಪುತಲೆಯ ಕಾಳುಗುಬ್ಬಿಗಳು ತಂತಿಯುದ್ದಕ್ಕೂ ಹಳದಿ ಎದೆ ತೋರಿಸುತ್ತಾ ಕೂರುವುದನ್ನೂ ಸಂಜೆ ನಾಲ್ಕೂವರೆಯ ಮೇಲೆ ನೋಡಬಹುದು. ಇದು ಮುಂಜಾನೆಯ ಆಯ್ಕೆಗೆ ಅಡ್ಡಿಯಾಗುವುದಿಲ್ಲ, ಅದೇ ದಿನ ಸಂಜೆಗೆ ಸೇರಿಸಿಕೊಳ್ಳಿ. ಬದುವಿನ ಮೇಲೆ ನಿಲ್ಲಿ, ಬೆಳೆಯೊಳಗೆ ಇಳಿಯಬೇಡಿ.

ಹಾಗಾದರೆ ಯಾವುದು?

ಮೊದಲ ಸಲ ನೋಡುವವರಿಗೆ, ಚಿಕ್ಕ ಮಕ್ಕಳ ಜೊತೆಗೆ, ಮತ್ತು ಏಪ್ರಿಲ್‌-ಮೇ ತಿಂಗಳಿನಲ್ಲಿ ಯಾರಿಗೇ ಆದರೂ: ಹಿತ್ತಲು. ಇಪ್ಪತ್ತು ಮಕ್ಕಳ ಶಾಲಾ ಗುಂಪಾದರೆ ಜನವರಿ ಕೊನೆಯ ಜಲಾಶಯ, ಏಕೆಂದರೆ ದೂರದ ಬಾತಿಗೆ ಮಕ್ಕಳ ಗದ್ದಲ ತಾಕುವುದಿಲ್ಲ, ಎಲ್ಲರಿಗೂ ಒಂದೇ ಹಕ್ಕಿಯನ್ನು ತೋರಿಸಬಹುದು. ಹೊರಗಿನಿಂದ ಬಂದ, ಪಟ್ಟಿಯಲ್ಲಿ ಹೊಸ ಹೆಸರು ಬೇಕೆನ್ನುವ ಇಬ್ಬರು ಮೂವರಿಗೆ ಬಂಡೆಗುಡ್ಡ, ಬೇರೆ ಯೋಚನೆಯೇ ಬೇಡ. ಕಾಡನ್ನು ಫೆಬ್ರವರಿ-ಮಾರ್ಚ್‌ಗೆ ಎತ್ತಿಡಿ. ಇಲ್ಲೇ ವಾಸವಾಗಿರುವವರು ಹನ್ನೆರಡು ಜಾಗಕ್ಕೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಜಾಗಕ್ಕೆ ತಿಂಗಳಿಗೊಮ್ಮೆಯಂತೆ ಹನ್ನೆರಡು ಸಲ ಹೋಗುವುದು ಒಳ್ಳೆಯದು. ಚಾತಕ ಬಂದ ವಾರ, ಕಬ್ಬಕ್ಕಿ ಹೋದ ವಾರ ಆಗಷ್ಟೇ ತಿಳಿಯುವುದು. ಹಕ್ಕಿ ದಾಖಲಿಸುವ ಜಾಲತಾಣವಾದ ಈಬರ್ಡ್‌ನಲ್ಲಿ ಪ್ರತಿ ಸಲವೂ ಹೊರಟ ಹೊತ್ತು, ನಡೆದ ದೂರ, ಸಂಖ್ಯೆ ಸಮೇತ ದಾಖಲಿಸಿ. ಫೆಬ್ರವರಿ ನಡುವಿನ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆಗೆ ಹಿತ್ತಲಿನಲ್ಲಿ ಹದಿನೈದು ನಿಮಿಷ ಎಣಿಸಿದರೂ ಸಾಕು. ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಒಳ್ಳೆಯ ಸಹಾಯಕ. ಆದರೆ ಕಾಜಾಣ ಬೇರೆ ಹಕ್ಕಿಯ ದನಿ ಅನುಕರಿಸಿದರೆ ಅದೂ ಮೋಸಹೋಗುತ್ತದೆ, ಕಣ್ಣಾರೆ ಕಾಣದ್ದನ್ನು ಬರೆಯಬೇಡಿ.

ಹೊಸಪೇಟೆ, ಕೊಪ್ಪಳ, ಗಂಗಾವತಿ ಕಡೆಯವರು ಸಂಡೂರಿಗೇ ಬರಬೇಕೆಂದಿಲ್ಲ. ಬಂಡೆಗುಡ್ಡಕ್ಕೆ ಬದಲು ಆನೆಗೊಂದಿ. ಅಲ್ಲಿ ಬಂಡೆ, ಭತ್ತದ ಗದ್ದೆ, ತುಂಗಭದ್ರೆ ಮೂರೂ ಒಂದಕ್ಕೊಂದು ತಾಗಿಕೊಂಡಿರುವುದರಿಂದ ಜಾಗ ಬದಲಿಸದೆ ಮೂರು ಬಗೆಯ ಹಕ್ಕಿ ಸಿಗುತ್ತವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ, ಅದನ್ನೂ ಕಣ್ಣಿಟ್ಟು ನೋಡಿ. ಜಲಾಶಯಕ್ಕೆ ಬದಲು ತುಂಗಭದ್ರಾ ಹಿನ್ನೀರು, ಅಲ್ಲಿ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಇಳಿಯುತ್ತದೆ. ಗೂಡು ಕಟ್ಟುವ ಕೊಕ್ಕರೆ ನೋಡಬೇಕೆಂದರೆ ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರ, ಕೆರೆಯೊಳಗಿನ ಜಾಲಿಮರಗಳೇ ಅಲ್ಲಿ ಹಕ್ಕಿಗಳ ಊರು. ಸಿರುಗುಪ್ಪ ಕಡೆಯ ಎರೆಹೊಲದಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇದೆ ಎಂದು ಕೇಳಿ ಹುಡುಕಿಕೊಂಡು ಹೋಗಬೇಡಿ. ಉಳಿದಿರುವುದು ಬೆರಳೆಣಿಕೆಯಷ್ಟು, ಅದಕ್ಕೆ ಬೇಕಾದದ್ದು ನೆಮ್ಮದಿ. ಕಂಡರೂ ಜಾಗದ ಹೆಸರು ಹಾಕಿ ಫೋಟೋ ಹಂಚಬೇಡಿ.

ದುರ್ಬೀನು: 8×42 ಅಥವಾ 10×42

ಎರಡೂ ಒಳ್ಳೆಯವೇ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 10×42ರಲ್ಲಿ ಹಕ್ಕಿ ದೊಡ್ಡದಾಗಿ ಕಾಣುತ್ತದೆ, ಕೈನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಕಾಣುವ ಜಾಗ ಕಿರಿದಾಗುತ್ತದೆ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಳತೆ ಸಿಗುತ್ತದೆ: 8×42ಕ್ಕೆ 5.25 ಮಿಲಿಮೀಟರ್, 10×42ಕ್ಕೆ 4.2. ನಸುಕಿನಲ್ಲಿ, ಕಾಡಿನ ನೆರಳಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹಿತ್ತಲು, ಕಾಡಿಗೆ 8×42, ಜಲಾಶಯಕ್ಕೆ 10×42, ಬಂಡೆಗುಡ್ಡಕ್ಕೆ ಎರಡೂ ಆಗುತ್ತದೆ. ಒಂದೇ ಕೊಳ್ಳುವುದಾದರೆ 8×42. ಜೇಬಿಗೆ ಹಿಡಿಯುವ 8×21, 10×25 ಬೇಡ, ನಸುಕಿನ ಮಂದಬೆಳಕಿನಲ್ಲಿ ಅವು ಬರೀ ಮಬ್ಬು.

‘ನನ್ನ ದುರ್ಬೀನು ಸರಿಯಿಲ್ಲ, ಒಂದು ಕಣ್ಣಿಗೆ ಮಸುಕು’ ಎನ್ನುವವರಲ್ಲಿ ಹೆಚ್ಚಿನವರು ಬಲಗಣ್ಣಿನ ಹೊಂದಿಕೆ ಮಾಡಿರುವುದಿಲ್ಲ. ಮೂವತ್ತು ಮೀಟರ್ ದೂರದ ಬೋರ್ಡಿನ ಅಕ್ಷರಕ್ಕೆ ಹಿಡಿಯಿರಿ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ಎರಡೂ ಕಣ್ಣು ತೆರೆದೇ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರ ಮಾತ್ರ ತಿರುಗಿಸಿ ಸ್ಪಷ್ಟ ಮಾಡಿ. ಆ ಉಂಗುರದ ಜಾಗಕ್ಕೆ ಒಂದು ಗುರುತು ಹಾಕಿಕೊಳ್ಳಿ. ಮುಂದೆ ನಡುವಿನ ಚಕ್ರವೊಂದೇ ಸಾಕು.

ಕೊನೆಗೆ ಸಂಡೂರಿನದ್ದೇ ಆದ ಒಂದು ತೊಂದರೆ, ಕೆಂಪು ಧೂಳು. ಅದು ಹೊಲದ ಮಣ್ಣಿನಂಥ ಮೆತ್ತನೆಯ ಧೂಳಲ್ಲ, ಕಬ್ಬಿಣದ ಅದಿರಿನ ಗಟ್ಟಿ ಪುಡಿ. ಅಂಗಿಯ ತುದಿಯಿಂದ ಒಂದು ಸಲ ಒರೆಸಿದರೂ ಲೆನ್ಸಿನ ತೆಳು ಲೇಪದ ಮೇಲೆ ಗೀರು ಬೀಳುತ್ತದೆ, ಆಮೇಲೆ ಎದುರು ಬೆಳಕಿನಲ್ಲಿ ಎಲ್ಲವೂ ಮಂಜುಮಂಜು. ಬಾಯಿಂದ ಊದಲೂ ಬೇಡ, ಉಗುಳಿನ ಹನಿಗೆ ಧೂಳು ಅಂಟುತ್ತದೆ. ಮೊದಲು ದುರ್ಬೀನನ್ನು ತಲೆಕೆಳಗಾಗಿ ಹಿಡಿದು ರಬ್ಬರ್ ಬ್ಲೋವರ್‌ನಿಂದ ಹತ್ತು ಹನ್ನೆರಡು ಸಲ ಗಾಳಿ ಹೊಡೆಯಿರಿ. ಆಮೇಲೆ ಮೃದು ಕುಂಚದಿಂದ ನಡುವಿನಿಂದ ಅಂಚಿಗೆ ಸವರಿ. ಧೂಳಿನ ಒಂದು ಕಣವೂ ಕಾಣದಾದ ಮೇಲೆ ಮಾತ್ರ ಮೈಕ್ರೋಫೈಬರ್ ಬಟ್ಟೆಗೆ ಎರಡು ಹನಿ ಲೆನ್ಸ್ ದ್ರಾವಣ ಹಾಕಿ (ಲೆನ್ಸಿನ ಮೇಲೆ ನೇರವಾಗಿ ಹಾಕಬಾರದು, ಅಂಚಿನಿಂದ ಒಳಗೆ ಇಳಿಯುತ್ತದೆ) ಒತ್ತದೆ ಸುತ್ತುಸುತ್ತಾಗಿ ಒರೆಸಿ. ಬಟ್ಟೆಯನ್ನು ಜೇಬಿನಲ್ಲಿ ಹಾಗೇ ಇಟ್ಟುಕೊಂಡರೆ ಅದಕ್ಕೂ ಧೂಳು ಹತ್ತುತ್ತದೆ, ಬಾಯಿ ಮುಚ್ಚುವ ಪ್ಲಾಸ್ಟಿಕ್ ಚೀಲದಲ್ಲಿಡಿ. ಅದಿರಿನ ಲಾರಿ ಓಡುವ ರಸ್ತೆಯಲ್ಲಿ ಇರುವಷ್ಟು ಹೊತ್ತು ದುರ್ಬೀನು ಕೊರಳಲ್ಲಿ ಬೇಡ, ಚೀಲದೊಳಗೇ ಇರಲಿ.